ಚೆಕಿಂಗ್ ಎಂಬ ಒಂದೇ ಮಾತು: ರಸ್ತೆ ತಪಾಸಣೆ ಮತ್ತು ಚಾಲಕನ ಹಕ್ಕು



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ಕಾನೂನು ಓದಿದವರಲ್ಲ. ಹಳೆಯ ಪುಣೆ-ಬೆಂಗಳೂರು ರಸ್ತೆಯಲ್ಲಿ ಮೊದಲು ಒಂದು, ಆಮೇಲೆ ಮೂರು ಲಾರಿ ಓಡಿಸಿದವರು. ದತ್ತಿಪತ್ರದಲ್ಲಿ ಅವರು ಬರೆಸಿದ ಷರತ್ತು ಒಂದೇ: ವರ್ಷಕ್ಕೊಂದು ಉಪನ್ಯಾಸ ನಡೆಯಲಿ, ಅದು ಕ್ಲೀನರ್ ಹುಡುಗನಿಗೂ ಅರ್ಥವಾಗಲಿ. ಮೂವತ್ತು ವರ್ಷ ಕೋರ್ಟಿನಲ್ಲಿ ಯಾರಿಗೂ ಅರ್ಥವಾಗದ ಹಾಗೆ ಮಾತಾಡಿ ಸಂಪಾದಿಸಿದವನು ನಾನು. ಷರತ್ತು ಸುಲಭದ್ದಲ್ಲ. ಅವರ ಒಂದು ಲಾರಿಯ ಪ್ರಕರಣವನ್ನು ನಾನೇ ನಡೆಸಿದ್ದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಒಂದು ಮಾತಿನ ವಿಚಾರ. 'ಮುಂದೆ ಚೆಕಿಂಗ್ ಐತೆ' ಎಂದು ಎದುರಿನಿಂದ ಬರುವ ಚಾಲಕ ಹೆಡ್‌ಲೈಟ್ ಮಿಣುಕಿಸಿ ತಿಳಿಸುತ್ತಾನೆ. ರಸ್ತೆಯಲ್ಲಿ ಪೊಲೀಸರು ಮಾಡುವುದಕ್ಕೆಲ್ಲ ನಮ್ಮಲ್ಲಿ ಈ ಒಂದೇ ಹೆಸರು. ಕೈ ಅಡ್ಡ ಹಿಡಿದು ನಿಲ್ಲಿಸುವುದು ಚೆಕಿಂಗ್. ಡಿಎಲ್, ಆರ್‌ಸಿ ಕೇಳುವುದು ಚೆಕಿಂಗ್. ಡಿಕ್ಕಿ ತೆಗೆಸಿ ಚೀಲ ಕೊಡವುವುದು, ಜೇಬು ತಡವುವುದು, ಮೊಬೈಲು ಇಸಕೊಂಡು ವಾಟ್ಸ್ಯಾಪ್ ತೆರೆಯುವುದು, ಎಲ್ಲವೂ ಚೆಕಿಂಗ್. ಪತ್ರಿಕೆಯವರು ಅದನ್ನೇ 'ತಪಾಸಣೆ' ಎಂದು ಬರೆಯುತ್ತಾರೆ. ಕಾನೂನಿನ ಪುಸ್ತಕದಲ್ಲಿ ಮಾತ್ರ ಇವು ನಾಲ್ಕು ಬೇರೆ ಬೇರೆ ಕೆಲಸ: ತಡೆಯುವುದು, ಕಾಗದ ನೋಡುವುದು, ಶೋಧ ಮಾಡುವುದು, ಜಪ್ತಿ ಮಾಡುವುದು. ಪ್ರತಿಯೊಂದಕ್ಕೂ ಬೇರೆ ಕಲಮು, ಬೇರೆ ಕಾರಣ, ಎಷ್ಟೋ ಸಲ ಬೇರೆ ದರ್ಜೆಯ ಅಧಿಕಾರಿ. ರಸ್ತೆ ಬದಿಯಲ್ಲಿ ಎರಡು ನಿಮಿಷದಲ್ಲಿ ಈ ನಾಲ್ಕೂ ಒಂದಕ್ಕೊಂದು ಕರಗಿಹೋಗುತ್ತವೆ. ಚಾಲಕನ ಹಕ್ಕು ಕಳೆದುಹೋಗುವುದು ಹೀಗೆ ಕರಗುವಾಗಲೇ. ಯಾರೂ ಅದನ್ನು ಕಿತ್ತುಕೊಂಡಿರುವುದಿಲ್ಲ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಯಿತು ಎಂದು ಚಾಲಕನಿಗೂ ಗೊತ್ತಾಗಿರುವುದಿಲ್ಲ, ಎಷ್ಟೋ ಸಲ ಪೇದೆಗೂ ಗೊತ್ತಿರುವುದಿಲ್ಲ.

ತಡೆಯುವುದರಿಂದ ಶುರುಮಾಡೋಣ. ನಿಲ್ಲಿಸು ಎಂದರೆ ನಿಲ್ಲಿಸಲೇಬೇಕು, ಅದರಲ್ಲಿ ವಾದವಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಕಲಂ 179ರ ಪ್ರಕಾರ ಕಾನೂನುಬದ್ಧ ಸೂಚನೆಯನ್ನು ಬೇಕೆಂದೇ ಮೀರಿದರೆ ಎರಡು ಸಾವಿರ ರೂಪಾಯಿವರೆಗೆ ದಂಡವಿದೆ. ಆದರೆ ಯಾತಕ್ಕೆ ನಿಲ್ಲಿಸಬಹುದು ಎಂಬ ಪ್ರಶ್ನೆ ಬೇರೆ. ಚಾಲಕ ಗಾಡಿ ನಿಲ್ಲಿಸಬೇಕು ಎಂದು ಬಾಯಿಬಿಟ್ಟು ಹೇಳುವ ಕಲಂ 132 ಅಪಘಾತದ ಸಂದರ್ಭದ್ದು. ಅದರಲ್ಲೂ ಸಮವಸ್ತ್ರದಲ್ಲಿರುವ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಎಂದು ಬರೆದಿದೆ. ಲೈಸೆನ್ಸ್ ತೋರಿಸು ಎನ್ನುವ ಅಧಿಕಾರ ಕಲಂ 130ರಲ್ಲಿ ಸಮವಸ್ತ್ರದ ಯಾವುದೇ ಪೊಲೀಸ್ ಅಧಿಕಾರಿಗೆ ಇದೆ. ತೋರಿಸು ಎನ್ನುವ ಅಧಿಕಾರದ ಹೊಟ್ಟೆಯೊಳಗೇ ನಿಲ್ಲಿಸು ಎನ್ನುವ ಅಧಿಕಾರವೂ ಇದೆ ಎಂದು ಇಲಾಖೆ ತಿಳಿದುಕೊಂಡು ಬಂದಿದೆ. ನೇರವಾಗಿ ಬರೆಯದ ಅಧಿಕಾರಕ್ಕೆ ನೇರವಾಗಿ ಬರೆದ ಮಿತಿಯೂ ಇರುವುದಿಲ್ಲ. ತಿರುವಿನ ಮರೆಯಲ್ಲಿ ನಿಂತು ಬಂದವರನ್ನೆಲ್ಲ ಸೈಡಿಗೆ ಹಾಕಿಸುವ ಪದ್ಧತಿ ಬೆಳೆದದ್ದು ಈ ಸಂದಿಯಲ್ಲಿ.

2022ರ ಜೂನ್‌ನಲ್ಲಿ ಆಗಿನ ರಾಜ್ಯ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಟ್ವಿಟರಿನಲ್ಲಿ ಒಂದು ಮಾತು ಹಾಕಿದರು. ಬರಿಗಣ್ಣಿಗೆ ಕಾಣುವ ಸಂಚಾರ ಉಲ್ಲಂಘನೆ ಇಲ್ಲದಿದ್ದರೆ ಕಾಗದ ನೋಡುವುದಕ್ಕೆಂದೇ ಯಾವ ವಾಹನವನ್ನೂ ನಿಲ್ಲಿಸುವಂತಿಲ್ಲ, ಕುಡಿದು ಓಡಿಸುವುದರ ತಪಾಸಣೆಗೆ ಮಾತ್ರ ವಿನಾಯಿತಿ ಎಂದು. ಬೆಂಗಳೂರಿನ ಆಟೋದವರು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಓಡಾಡಿದರು. ಇದೇ ಮಾತನ್ನು ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲಿ 'ಡೆಲವೇರ್ ವಿರುದ್ಧ ಪ್ರೌಸ್' ಪ್ರಕರಣದಲ್ಲಿ ಹೇಳಿತ್ತು. ಅಲ್ಲಿನ ಗಸ್ತು ಪೊಲೀಸ್ ಒಂದು ಕಾರನ್ನು ನಿಲ್ಲಿಸಿದ್ದ, ಒಳಗೆ ಗಾಂಜಾ ಸಿಕ್ಕಿತ್ತು. ಯಾಕೆ ನಿಲ್ಲಿಸಿದೆ ಎಂದಾಗ, ಕೈಯಲ್ಲಿ ಬೇರೆ ದೂರು ಇರಲಿಲ್ಲ, ಕಾರು ಕಂಡಿತು, ನಿಲ್ಲಿಸಿದೆ ಎಂದು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಂಡ. ಆ ಪ್ರಾಮಾಣಿಕತೆಯೇ ಪ್ರಕರಣವನ್ನು ಮುಳುಗಿಸಿತು. ಅನುಮಾನಕ್ಕೆ ಆಧಾರವಿಲ್ಲದೆ, ಬರೀ ಲೈಸೆನ್ಸ್ ನೋಡಲು, ಮನಸ್ಸಿಗೆ ಬಂದ ಗಾಡಿಯನ್ನು ಆರಿಸಿ ನಿಲ್ಲಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಕೋರ್ಟ್ ತೀರ್ಮಾನಿಸಿತು. ಅಡ್ಡಗಟ್ಟೆ ಹಾಕಿ ಎಲ್ಲರನ್ನೂ ಸಮನಾಗಿ ನಿಲ್ಲಿಸುವ ಮಾತು ಬೇರೆ ಎಂದೂ ಹೇಳಿತು. ಎರಡೂ ಕಡೆ ನಿಯಮ ಹೆಚ್ಚುಕಡಿಮೆ ಒಂದೇ. ಅಲ್ಲಿ ಅದು ಪೊಲೀಸನ ಮೇಲೆ ಕೋರ್ಟು ಹೇರಿದ್ದು. ಇಲ್ಲಿ ದೊಡ್ಡ ಸಾಹೇಬರು ಚಿಕ್ಕ ಸಾಹೇಬರಿಗೆ ಹೇಳಿದ್ದು. ಸಾಹೇಬರು ವರ್ಗವಾದರೆ ಮಾತಿನ ಕಸುವು ಎಷ್ಟು ದಿನ ನಿಲ್ಲುತ್ತದೆ ಎಂದು ರಸ್ತೆಯಲ್ಲಿ ಓಡಾಡುವವರಿಗೆ ನಾನು ಹೇಳಬೇಕಿಲ್ಲ.

ಕುಡಿದು ಓಡಿಸುವುದರ ತಪಾಸಣೆಗೆ ಕೊಟ್ಟ ಆ ವಿನಾಯಿತಿಯ ವಿಷಯದಲ್ಲಿ ಒಂದು ಸಣ್ಣ ತಕರಾರು. ಊದಿಸುವ ಪರೀಕ್ಷೆಯ ಕಲಂ 203 ಕೂಡ, ಚಾಲಕ ಕುಡಿದಿದ್ದಾನೆ ಎಂದು ಅನುಮಾನಿಸಲು ಸಕಾರಣವಿದ್ದರೆ ಮಾತ್ರ ಎನ್ನುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಅಪರಾಧ. ಶನಿವಾರ ರಾತ್ರಿ ಮೇಲ್ಸೇತುವೆಯ ಕೆಳಗೆ ಸಾಲು ನಿಲ್ಲಿಸಿ ಎಲ್ಲರ ಬಾಯಿಗೂ ನಳಿಕೆ ಹಿಡಿಯುವುದಕ್ಕೆ ಕಾಯ್ದೆಯ ಅಕ್ಷರ ಪೂರ್ತಿ ಒಪ್ಪುವುದಿಲ್ಲ. ಆದರೂ ನಾನು ಆ ಸಾಲಿನಲ್ಲಿ ಸಂತೋಷದಿಂದ ನಿಲ್ಲುತ್ತೇನೆ. ಎಲ್ಲ ಹಕ್ಕಿಗೂ ಜಗಳ ಕಾಯಬೇಕು ಎಂದು ನಾನು ಹೇಳುತ್ತಿಲ್ಲ.

2025ರ ಮೇ ಕೊನೆಯಲ್ಲಿ ಮಂಡ್ಯದಲ್ಲಿ ಆದದ್ದು ನಿಮ್ಮ ನೆನಪಿನಲ್ಲಿರಬೇಕು. ನಾಯಿ ಕಚ್ಚಿದ ಮಗುವನ್ನು ತಂದೆತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಸಂಚಾರ ಪೊಲೀಸರು ತಡೆದರು, ಬೈಕು ಆಯ ತಪ್ಪಿತು, ನಾಲ್ಕು ವರ್ಷ ತುಂಬದ ಆ ಮಗು ರಸ್ತೆಗೆ ಬಿದ್ದು ತೀರಿಕೊಂಡಿತು. ಮೂವರು ಎಎಸ್‌ಐಗಳು ಅಮಾನತಾದರು. ಕೆಲವೇ ದಿನಗಳಲ್ಲಿ ಡಿಜಿಪಿ ಎಂ.ಎ. ಸಲೀಂ ಅವರಿಂದ ನಿರ್ದೇಶನ ಬಂತು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ನಿಲ್ಲಿಸಬೇಡಿ, ಗಾಡಿಗೆ ಏಕಾಏಕಿ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯನ್ನು ಮೊದಲ ಕಲಮಿನಿಂದ ಕೊನೆಯವರೆಗೆ ಓದಿದರೂ ಕೀ ಕಿತ್ತುಕೊಳ್ಳುವ ಅಧಿಕಾರ ಎಲ್ಲೂ ಸಿಗುವುದಿಲ್ಲ. ಆದರೂ ಪೇದೆಯ ಕೈ ಮೊದಲು ಹೋಗುವುದು ಅಲ್ಲಿಗೇ. ಇಲ್ಲದ ಅಧಿಕಾರವನ್ನು ಚಲಾಯಿಸಬೇಡಿ ಎಂದು ಸುತ್ತೋಲೆ ಹೊರಡಿಸಬೇಕಾದ ಪರಿಸ್ಥಿತಿ ನಮ್ಮದು. ಒಂದು ಮಗುವಿನ ಜೀವ ಹೋದ ಮೇಲೆ ಅದು ಹೊರಟಿತು.

ಕಾಗದದ ಮಾತನ್ನು ಬೇಗ ಮುಗಿಸುತ್ತೇನೆ, ಅದು ಈಗ ಅಷ್ಟು ಕಷ್ಟದ್ದಲ್ಲ. ಡಿಜಿಲಾಕರ್, ಎಂ-ಪರಿವಾಹನ್‌ನಲ್ಲಿರುವ ದಾಖಲೆ ಅಸಲಿಗೆ ಸಮ. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆನ್‌ಲೈನಿನಲ್ಲಿ ತಾಳೆಯಾದ ದಾಖಲೆಯ ಕಾಗದದ ಪ್ರತಿಯನ್ನು ಕೇಳುವಂತಿಲ್ಲ. ಲೈಸೆನ್ಸನ್ನು ಕಲಂ 206ರಡಿ ವಶಕ್ಕೆ ತೆಗೆದುಕೊಂಡರೆ ಸ್ವೀಕೃತಿ ಚೀಟಿ ಕೊಡಬೇಕು. ಲೈಸೆನ್ಸ್ ವಾಪಸು ಬರುವವರೆಗೆ ಆ ಚೀಟಿಯೇ ಲೈಸೆನ್ಸ್. ದಂಡ ವಸೂಲಿ ಮಾಡುವವರು ಯಾರು ಎಂದು ಕಲಂ 200ರಡಿ ಸರಕಾರ ಅಧಿಸೂಚನೆಯಲ್ಲಿ ಹೆಸರಿಸಿರುತ್ತದೆ, ಉಳಿದವರು ದಂಡ ಮುಟ್ಟುವಂತಿಲ್ಲ. ರಸೀದಿಯಿಲ್ಲದ ದಂಡಕ್ಕೆ ಕನ್ನಡದಲ್ಲಿ ಬೇರೆ ಹೆಸರಿದೆ.

ಇನ್ನು ಶೋಧ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಒಂದು ವ್ಯಾಖ್ಯೆ ಇದೆ. 'ಸ್ಥಳ' ಎಂದರೆ ಮನೆ, ಕಟ್ಟಡ, ಗುಡಾರ, ವಾಹನ ಮತ್ತು ಹಡಗನ್ನೂ ಒಳಗೊಂಡಿದೆ ಎಂದು. ಮೊದಲ ವರ್ಷದ ವಿದ್ಯಾರ್ಥಿ ಓದಿ ಮರೆತುಬಿಡುವ ಸಾಲು ಇದು. ನನಗೆ ಮಾತ್ರ ಈ ಸಾಲಿನ ಮೇಲೆ ಬಹಳ ಪ್ರೀತಿ. ಓಡುವ ಗಾಡಿಯೂ ಕಾನೂನಿನ ಕಣ್ಣಲ್ಲಿ ಮನೆಯ ಪಕ್ಕದಲ್ಲೇ ಕೂತಿದೆ. ಕ್ಯಾಬಿನ್ನಿನಲ್ಲೇ ಮಲಗಿ, ಟೂಲ್‌ಬಾಕ್ಸಿನಲ್ಲಿ ಅಕ್ಕಿ ಇಟ್ಟುಕೊಂಡು, ತಿಂಗಳಿಗೆ ಇಪ್ಪತ್ತೆರಡು ದಿನ ಅಲ್ಲೇ ಬದುಕುವ ಚಾಲಕನಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೆರಿಕದವರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ಪಾನನಿಷೇಧದ ಕಾಲದಲ್ಲಿ, ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ ಡೆಟ್ರಾಯಿಟ್‌ಗೆ ಹೋಗುವ ರಸ್ತೆಯಲ್ಲಿ, ಕ್ಯಾರಲ್ ಎಂಬುವನ ಕಾರಿನ ಸೀಟಿನ ಮೆತ್ತೆ ಹರಿದು 68 ಬಾಟಲಿ ಮದ್ಯ ತೆಗೆದರು, ವಾರಂಟ್ ಇರಲಿಲ್ಲ. 1925ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮನೆ ಇದ್ದಲ್ಲೇ ಇರುತ್ತದೆ, ಕಾರು ವಾರಂಟ್ ತರುವಷ್ಟರಲ್ಲಿ ಗಡಿ ದಾಟುತ್ತದೆ, ಆದ್ದರಿಂದ ಬಲವಾದ ಕಾರಣವಿದ್ದರೆ ವಾರಂಟ್ ಬೇಡ ಎಂದಿತು. ಪುಸ್ತಕದ ಮಟ್ಟಿಗೆ ನಮ್ಮ ಚಾಲಕನ ಗಾಡಿಗೆ ಅಮೆರಿಕದ ಚಾಲಕನ ಕಾರಿಗಿಂತ ಹೆಚ್ಚು ಮರ್ಯಾದೆ ಇದೆ. ಪುಸ್ತಕದ ಮಟ್ಟಿಗೆ.

ವಾರಂಟ್ ಇಲ್ಲದ ಶೋಧಕ್ಕೆ ಸಾಮಾನ್ಯ ದಾರಿ ಸಂಹಿತೆಯ ಕಲಂ 185, ಹಳೆಯ 165. ಅದು ಕೇಳುವುದನ್ನು ನೋಡಿ. ತನಿಖೆಯಲ್ಲಿರುವ ಒಂದು ಅಪರಾಧ ಇರಬೇಕು. ಠಾಣಾಧಿಕಾರಿ ಅಥವಾ ತನಿಖಾಧಿಕಾರಿಯೇ ಮಾಡಬೇಕು, ತನಗೆ ಆಗದಿದ್ದರೆ ಮಾತ್ರ ಕೆಳಗಿನವರಿಗೆ ಬರಹದಲ್ಲಿ ಒಪ್ಪಿಸಬೇಕು. ಬೇಕಾದ ವಸ್ತು ಇದೇ ಗಾಡಿಯಲ್ಲಿದೆ ಎಂದು ನಂಬಲು ಕಾರಣವೇನು, ಹುಡುಕುತ್ತಿರುವುದು ಏನನ್ನು ಎಂದು ಮೊದಲೇ ಬರೆದಿಡಬೇಕು. ಆ ಬರಹದ ನಕಲು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಗಾಡಿಯವನು ಅರ್ಜಿ ಹಾಕಿದರೆ ಅವನಿಗೂ ಒಂದು ನಕಲು, ಪುಕ್ಕಟೆ. ಏನೋ ಸಿಗಬಹುದು ನೋಡೋಣ ಎಂದು ಬಲೆ ಬೀಸುವುದಕ್ಕೆ ಇದರಲ್ಲಿ ಎಡೆಯಿಲ್ಲ. ಅಬಕಾರಿ, ಅರಣ್ಯ, ವನ್ಯಜೀವಿ, ಶಸ್ತ್ರಾಸ್ತ್ರ, ಮಾದಕವಸ್ತು, ಜಾನುವಾರು ಹೀಗೆ ಒಂದೊಂದು ವಿಶೇಷ ಕಾಯ್ದೆಗೂ ತನ್ನದೇ ಶೋಧದ ಕಲಮಿದೆ, ಅಲ್ಲಿ ಅಧಿಕಾರ ಇನ್ನಷ್ಟು ಅಗಲ. ಆದರೆ ಗಾಡಿ ತಡೆದು ಟಾರ್ಪಾಲು ಬಿಚ್ಚಿಸುವ ಅಧಿಕಾರವನ್ನು ಕೊರಳಿಗೆ ಶಾಲು ಸುತ್ತಿಕೊಂಡು ಬಂದ ಖಾಸಗಿ ಗುಂಪಿಗೆ ಯಾವ ಕಾಯ್ದೆಯೂ ಕೊಟ್ಟಿಲ್ಲ.

'ಡಿಕ್ಕಿ ತೆಗೀರಿ ಸಾರ್' ಎಂಬ ಮಾತನ್ನು ಸ್ವಲ್ಪ ತೂಗಿ ನೋಡಬೇಕು. ಅದು ಆಜ್ಞೆಯೋ ಕೋರಿಕೆಯೋ? ಹೇಳುವವನಿಗೆ ಆಜ್ಞೆ, ಆಮೇಲೆ ಕೋರ್ಟಿನಲ್ಲಿ 'ಚಾಲಕನೇ ಸ್ವಇಚ್ಛೆಯಿಂದ ತೆರೆದು ತೋರಿಸಿದ' ಎಂದಾಗುತ್ತದೆ. ನಮ್ಮ ಪೊಲೀಸ್ ಕನ್ನಡದಲ್ಲಿ 'ಸ್ವಇಚ್ಛೆ' ಎಂಬ ಪದಕ್ಕಿರುವಷ್ಟು ಕೆಲಸ ಬೇರೆ ಪದಕ್ಕಿಲ್ಲ. ನಾನು ಕಕ್ಷಿದಾರರಿಗೆ ಹೇಳಿಕೊಟ್ಟಿದ್ದು ಒಂದು ಪ್ರಶ್ನೆ, ಅದೂ ಮೆಲುದನಿಯಲ್ಲಿ, ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ ಕೇಳಬೇಕಾದದ್ದು: 'ಯಾವ ಕೇಸಿನಲ್ಲಿ ಸಾರ್?' ಕೇಸು ಇದ್ದರೆ ಅಧಿಕಾರಿ ಹೇಳುತ್ತಾರೆ, ಆಗ ತೆರೆಯಿರಿ. ಇಲ್ಲದಿದ್ದರೆ ಹತ್ತರಲ್ಲಿ ಆರು ಮಂದಿ 'ಹೋಗ್ರಿ ಹೋಗ್ರಿ' ಎನ್ನುತ್ತಾರೆ. ಉಳಿದ ನಾಲ್ವರು ಸಿಟ್ಟಾಗುತ್ತಾರೆ. ಆ ಸಿಟ್ಟಿನ ಮುಂದೆ ಹಕ್ಕಿನ ಭಾಷಣ ಬೇಡ. ಕೈ ಕೈ ಮಿಲಾಯಿಸಿದರೆ 'ಕರ್ತವ್ಯಕ್ಕೆ ಅಡ್ಡಿ' ಸಿದ್ಧವಾಗಿರುತ್ತದೆ. ಹಳಬರಿಗೆ ಅದು 353, ಈಗ ಭಾರತೀಯ ನ್ಯಾಯ ಸಂಹಿತೆಯ 132. ತೆರೆಯಿರಿ, ತೆರೆಯುತ್ತಾ ಗಡಿಯಾರ ನೋಡಿಕೊಳ್ಳಿ, ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿಕೊಳ್ಳಿ. ಗಾಡಿಯಲ್ಲಿ ಹೆಣ್ಣುಮಗಳಿದ್ದರೆ ಆಕೆಯ ಮೈಮೇಲಿನ ಶೋಧವನ್ನು ಹೆಣ್ಣು ಪೊಲೀಸಲ್ಲದೆ ಬೇರೆಯವರು ಮಾಡಕೂಡದು; ಇದೊಂದರಲ್ಲಿ ಮಾತ್ರ ಮೆಲುದನಿ ಬೇಡ.

ಪಂಚರ ವಿಚಾರ ಹೇಳದಿದ್ದರೆ ಈ ಉಪನ್ಯಾಸ ಪೂರ್ತಿಯಾಗದು. ಶೋಧಕ್ಕೆ ಮೊದಲು ಆ ಸ್ಥಳದ ಇಬ್ಬರು ಸ್ವತಂತ್ರ, ಗೌರವಾನ್ವಿತ ನಿವಾಸಿಗಳನ್ನು ಕರೆಯಬೇಕು. ಸಿಕ್ಕಿದ್ದರ ಪಟ್ಟಿ ಮಾಡಬೇಕು. ಅವರ ಸಹಿ ಹಾಕಿಸಬೇಕು. ಗಾಡಿಯವನು ಎದುರಿಗಿರಲು ಬಿಡಬೇಕು. ಪಟ್ಟಿಯ ನಕಲು ಅವನ ಕೈಗೆ ಕೊಡಬೇಕು. ಹಳೆಯ ಕಲಂ 100, ಈಗಿನ 103. ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ಗೌರವಾನ್ವಿತ ನಿವಾಸಿ ಎಲ್ಲಿ ಸಿಗಬೇಕು? ಡಾಬಾದ ಸಪ್ಲೈಯರ್, ಪಂಚರ್ ಅಂಗಡಿಯ ಹುಡುಗ. ನಮ್ಮ ಕಡೆ ಒಬ್ಬ ಪಂಚರ್ ಅಂಗಡಿಯವನು ಎಷ್ಟು ಮಹಜರಿಗೆ ಸಹಿ ಹಾಕಿದ್ದನೆಂದರೆ, ಪಂಚರ್ ಹಾಕುವವನೇ ಪಂಚ ಎಂದು ಬಾರಿನಲ್ಲಿ ತಮಾಷೆ ಮಾಡುತ್ತಿದ್ದೆವು. ನಾನು ಬಾರ್ ಎಂದದ್ದು ವಕೀಲರ ಸಂಘವನ್ನು. ಪಾಟೀಸವಾಲಿನಲ್ಲಿ ಅವನನ್ನು ಕೇಳಿದೆ: ಗಾಡಿಯ ಒಳಗೆ ನೀವು ಇಣುಕಿ ನೋಡಿದಿರಾ? 'ಇಲ್ಲ ಸಾಮಿ, ಸಹಿ ಮಾಡೋವಾಗ ಬ್ಯಾಟರಿ ಹಿಡಿದಿದ್ರು, ಕಾಗದದ ಮೇಲಷ್ಟೇ ಬೆಳಕಿತ್ತು' ಎಂದ. ಸರಕಾರಿ ವಕೀಲರು ಅವನನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿದರು. ಇಡೀ ಪ್ರಕರಣದಲ್ಲಿ ಸತ್ಯ ಹೇಳಿದವನು ಅವನೊಬ್ಬನೇ ಎಂದು ನನ್ನ ಎಣಿಕೆ.

ಹೊಸ ಸಂಹಿತೆ ಇದಕ್ಕೊಂದು ಮದ್ದು ಹುಡುಕಿದೆ. ಕಲಂ 105ರಂತೆ ಶೋಧ, ಜಪ್ತಿ, ಪಟ್ಟಿ ತಯಾರಿಕೆ, ಸಹಿ, ಎಲ್ಲವನ್ನೂ ವಿಡಿಯೋ ಮಾಡಬೇಕು, ಸಾಧ್ಯವಾದಷ್ಟೂ ಮೊಬೈಲಿನಲ್ಲೇ, ಮತ್ತು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅದಕ್ಕೆಂದೇ 'ಇ-ಸಾಕ್ಷ್ಯ' ಎಂಬ ಆ್ಯಪ್ ಬಂದಿದೆ. ಚಾಲಕನ ಪಾಲಿಗೆ ಇತ್ತೀಚಿನ ವರ್ಷಗಳ ದೊಡ್ಡ ಲಾಭ ಇದು ಎಂದು ನಾನು ನಂಬಿದ್ದೇನೆ. 'ವಿಡಿಯೋ ಮಾಡ್ತಿದೀರಲ್ಲ ಸಾರ್?' ಎಂದು ಈಗ ಚಾಲಕನೇ ಕೇಳಬಹುದು. ಕೇಳಿದ್ದೂ ರೆಕಾರ್ಡಾಗುತ್ತದೆ. ವಿಡಿಯೋ ಎಲ್ಲಿಂದ ಶುರುವಾಗುತ್ತದೆ ಎಂಬುದೇ ಇನ್ನು ಮುಂದಿನ ಪಾಟೀಸವಾಲು: ಡಿಕ್ಕಿ ಮುಚ್ಚಿರುವಾಗಲೋ, ತೆರೆದ ಮೇಲೋ?

ಕಾನೂನು ನಿಜವಾಗಿ ಹಲ್ಲು ತೋರಿಸುವುದು ಮಾದಕವಸ್ತುಗಳ ಕಾಯ್ದೆಯಲ್ಲಿ, 1985ರ ಎನ್‌ಡಿಪಿಎಸ್‌ನಲ್ಲಿ. ಶಿಕ್ಷೆ ಇಪ್ಪತ್ತು ವರ್ಷದವರೆಗೆ ಹೋಗುವುದರಿಂದ ಕಟ್ಟುಪಾಡೂ ಬಿಗಿ. ಕಲಂ 50ರ ಪ್ರಕಾರ ಮೈಮೇಲಿನ ಶೋಧಕ್ಕೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧ ನಡೆಯಲಿ ಎಂದು ಕೇಳುವ ಹಕ್ಕು ಆ ವ್ಯಕ್ತಿಗಿದೆ. ಹಕ್ಕಿದೆ ಎಂದು ಪೊಲೀಸರೇ ತಿಳಿಸಬೇಕು ಎಂದು 1999ರ ಬಲದೇವ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿತು. 2010ರ ವಿಜಯಸಿಂಹ ಜಡೇಜಾ ಪ್ರಕರಣದಲ್ಲಿ ಇನ್ನೊಂದು ಸಂವಿಧಾನ ಪೀಠ, ಇದನ್ನು ಸುಮಾರಾಗಿ ಪಾಲಿಸಿದರೆ ಸಾಲದು, ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದಿತು. ಆರೋಪಿಗಳು ಇಬ್ಬರಿದ್ದರೆ ಇಬ್ಬರಿಗೂ ಸೇರಿ ಒಂದೇ ನೋಟಿಸು ಕೊಟ್ಟರೆ ಆಗದು, ಪ್ರತಿಯೊಬ್ಬನಿಗೂ ಬೇರೆ ಬೇರೆ ಹೇಳಬೇಕು ಎಂದು 2014ರ ಪರಮಾನಂದ್ ಪ್ರಕರಣ. ಆದರೆ ಮೈ ಎಂದರೆ ಮೈ ಮಾತ್ರ. ಕೈಯಲ್ಲಿರುವ ಚೀಲ ಮೈಯಲ್ಲ ಎಂದು 2005ರಲ್ಲೇ ತೀರ್ಮಾನವಾಗಿದೆ. ಹಾಗಾದರೆ ಸೀಟಿನ ಕೆಳಗಿನ ಪೊಟ್ಟಣಕ್ಕೆ ಕಲಂ 50 ಹೇಗೆ ಬಂದೀತು? ಅಲ್ಲಿ ನೆರವಿಗೆ ಬರುವುದು 42. ಸಿಕ್ಕ ಮಾಹಿತಿಯನ್ನು ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು, ಸೂರ್ಯ ಮುಳುಗಿದ ಮೇಲಾದರೆ ವಾರಂಟ್ ಯಾಕೆ ತರಲಾಗಲಿಲ್ಲ ಎಂದೂ ಬರೆಯಬೇಕು. ಸಾರ್ವಜನಿಕ ಸ್ಥಳವಾದರೆ ಇದ್ಯಾವುದೂ ಬೇಡ ಎನ್ನುತ್ತದೆ 43. ಹೆದ್ದಾರಿಯಲ್ಲಿ ನಿಂತ ಖಾಸಗಿ ಜೀಪು ಸಾರ್ವಜನಿಕ ಸ್ಥಳವೇ? ಪೊಲೀಸರು ಹೌದು ಎಂದರು. 2021ರ ಏಪ್ರಿಲ್‌ನಲ್ಲಿ ಬೂಟಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಲ್ಲ ಎಂದಿತು. ರಸ್ತೆ ಎಲ್ಲರದು, ಜೀಪು ಅದರ ಯಜಮಾನನದು. 42ನ್ನು ಪಾಲಿಸದಿದ್ದಕ್ಕೆ ಆರೋಪಿಗಳು ಬಿಡುಗಡೆಯಾದರು.

ವಿದ್ಯಾರ್ಥಿಗಳು ಇಲ್ಲೊಂದು ಪ್ರಶ್ನೆ ಕೇಳಬೇಕು. ಎನ್‌ಡಿಪಿಎಸ್ ಆಚೆಗೆ, ಸಾಮಾನ್ಯ ಪ್ರಕರಣದಲ್ಲಿ, ಪೊಲೀಸರು ಕಾರಣ ಬರೆಯದೆ, ಪಂಚರಿಲ್ಲದೆ ಶೋಧ ಮಾಡಿ ಏನಾದರೂ ಹಿಡಿದರೆ? ಉತ್ತರ ಹೇಳಲು ನನಗೆ ಸಂಕೋಚ. ಸಿಕ್ಕಿದ್ದು ಸಿಕ್ಕಿದ ಹಾಗೇ. ಪೂರನ್ ಮಲ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು, ಶೋಧ ಅಕ್ರಮವಾದ ಮಾತ್ರಕ್ಕೆ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲ ಎಂದರು, ಐವತ್ತು ವರ್ಷದಿಂದ ಅದೇ ನಡೆದಿದೆ. ಅಮೆರಿಕದ ನಾಲ್ಕನೇ ತಿದ್ದುಪಡಿಯಂಥದ್ದು ನಮ್ಮ ಸಂವಿಧಾನದಲ್ಲಿಲ್ಲ ಎಂದು 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದ ಎಂಟು ನ್ಯಾಯಮೂರ್ತಿಗಳು ಹೇಳಿದ್ದರು. ಖಾಸಗಿತನದ ಮಟ್ಟಿಗೆ ಆ ತೀರ್ಪನ್ನು ಬಿಡಿಸಿಹಾಕಿಸಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಅವರು ಹಾಕಿದ ಅರ್ಜಿಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಹಕ್ಕು ಬಂತು, ಅದನ್ನು ತುಳಿದು ತೆಗೆದ ವಸ್ತುವನ್ನು ಕೋರ್ಟ್ ಮುಟ್ಟಬಾರದು ಎಂಬ ನಿಯಮ ಇನ್ನೂ ಬಂದಿಲ್ಲ. ಬೇಲಿಯಿದೆ, ಮುಳ್ಳಿಲ್ಲ. ಹಾಗಾಗಿ ಸದ್ಯಕ್ಕೆ ಚಾಲಕನ ಕೈಯಲ್ಲಿ ಉಳಿದಿರುವ ಆಯುಧ ಬರಹ ಒಂದೇ. ಬರೆಯದ ಕಾರಣ, ತಿದ್ದಿದ ಸಮಯ, ಸಹಿಯಿಲ್ಲದ ಪುಟ, ಇವು ಸಾಕ್ಷ್ಯವನ್ನು ಹೊರಗೆ ಹಾಕುವುದಿಲ್ಲ, ಆದರೆ ನಂಬಿಕೆಯನ್ನು ತಿಂದುಹಾಕುತ್ತವೆ. ನಾನು ಗೆದ್ದ ಪ್ರಕರಣಗಳಲ್ಲಿ ಮುಕ್ಕಾಲು ಪಾಲು ಗೆದ್ದದ್ದು ಹಾಗೆ.

ಮೊಬೈಲಿನ ಕಥೆ ಹೊಸದು. 2021ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಪೊಲೀಸರು ಬೈಕು ನಿಲ್ಲಿಸಿ ಸವಾರರ ಫೋನಿನಲ್ಲಿ 'ಗಾಂಜಾ' ಎಂಬ ಪದ ಹುಡುಕುತ್ತಿದ್ದ ವಿಡಿಯೋ ಎಲ್ಲರೂ ನೋಡಿದ್ದು. ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ವೀರೇಂದ್ರ ಖನ್ನಾ ಪ್ರಕರಣದಲ್ಲಿ ಫೋನಿನ ಶೋಧಕ್ಕೂ ಮನೆಯ ಶೋಧದ ಹಾಗೆಯೇ ರೀತಿನೀತಿ ಬೇಕು, ಸಾಮಾನ್ಯವಾಗಿ ವಾರಂಟ್ ಬೇಕು ಎಂದು ವಿವರವಾದ ಮಾರ್ಗಸೂಚಿ ಕೊಟ್ಟಿದ್ದರು. ಡಿಜಿಲಾಕರ್ ತೋರಿಸಲು ಫೋನು ಮುಂದೆ ಚಾಚಿದ ಕೈ ಇದನ್ನು ನೆನಪಿಡಬೇಕು. ಆರ್‌ಸಿ ನೋಡಲು ಕೊಟ್ಟ ಫೋನಿನಲ್ಲಿ ಗ್ಯಾಲರಿ ತೆರೆದರೆ, ಕಾಗದ ನೋಡುವುದು ಮುಗಿದು ಶೋಧ ಶುರುವಾಗಿದೆ ಎಂದರ್ಥ. ಫೋನು ನಿಮ್ಮ ಕೈಯಲ್ಲೇ ಇರಲಿ, ಪರದೆ ಮಾತ್ರ ಅವರ ಕಡೆ ತಿರುಗಲಿ.

ಚುನಾವಣೆ ಬಂದರೆ ಮಾತ್ರ ನಮ್ಮ ರೈತರೂ ವ್ಯಾಪಾರಿಗಳೂ ರಸ್ತೆಯಲ್ಲಿ ಅಳುವುದನ್ನು ನೋಡಿದ್ದೇನೆ. ಮೆಕ್ಕೆಜೋಳ ಮಾರಿದ ಹಣ, ಮದುವೆ ಜವಳಿಯ ಹಣ. ಐವತ್ತು ಸಾವಿರಕ್ಕಿಂತ ಹೆಚ್ಚು ಒಯ್ಯುವುದೇ ಅಪರಾಧ ಎಂದು ಊರೆಲ್ಲ ನಂಬಿದೆ. ಅಂಥ ಕಾನೂನು ಇಲ್ಲ. ಚುನಾವಣಾ ಆಯೋಗದ ಕಾರ್ಯವಿಧಾನದಲ್ಲಿ ಆ ಐವತ್ತು ಸಾವಿರದ ಗೆರೆ ಇರುವುದು ಅಭ್ಯರ್ಥಿ, ಏಜೆಂಟ್, ಪಕ್ಷದ ಕಾರ್ಯಕರ್ತರಿರುವ ಗಾಡಿಗೆ. ಪಕ್ಷದ ನಂಟಾಗಲಿ ಅಪರಾಧದ ಅನುಮಾನವಾಗಲಿ ಇಲ್ಲದೆ ಹತ್ತು ಲಕ್ಷ ದಾಟಿದ ಹಣ ಕಂಡರೆ ಚೆಕ್‌ಪೋಸ್ಟಿನವರು ಆದಾಯ ತೆರಿಗೆಯವರಿಗೆ ತಿಳಿಸಬೇಕು, ಅಷ್ಟೇ. ತಪಾಸಣೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ, ವಿಡಿಯೋದಲ್ಲಿ ನಡೆಯಬೇಕು. ಜಪ್ತಿಯ ಕಾಗದದಲ್ಲೇ ಮೇಲ್ಮನವಿ ಯಾರಿಗೆ ಎಂದು ಬರೆದಿರಬೇಕು. ಹಣ ಬಿಡಿಸಿಕೊಡಲು ಜಿಲ್ಲೆಗೊಂದು ಮೂವರು ಅಧಿಕಾರಿಗಳ ಸಮಿತಿ ಇದೆ. ಎಪಿಎಂಸಿಯ ಬಿಳಿ ಚೀಟಿ ಜೇಬಿನಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಚೀಟಿಯನ್ನು ಬೀಡಿ ಹಚ್ಚಲು ಬಳಸಿದವರೂ ನನ್ನ ಕಕ್ಷಿದಾರರಲ್ಲಿದ್ದರು.

ಇನ್ನು ಜಪ್ತಿ. ಯಾವುದೇ ಠಾಣೆಯ ಹಿಂಭಾಗಕ್ಕೆ ಹೋಗಿ ನೋಡಿ. ಒಂದರ ಮೇಲೊಂದು ಒರಗಿದ ಬೈಕುಗಳು, ಗಾಜಿಲ್ಲದ ಕಾರುಗಳು, ಚಕ್ರ ಮಣ್ಣಿಗಿಳಿದ ಟ್ರ್ಯಾಕ್ಟರು. ಹೀಗೆ ಕೊಳೆಯಬಾರದು, ಫೋಟೋ ತೆಗೆದು, ಪಂಚನಾಮೆ ಮಾಡಿ, ಮುಚ್ಚಳಿಕೆ ಬರೆಸಿಕೊಂಡು ಬೇಗ ಬಿಟ್ಟುಕೊಡಿ ಎಂದು 2002ರಲ್ಲಿ ಸುಂದರ್‌ಭಾಯಿ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೊಸ ಸಂಹಿತೆಯ 497 ಅದಕ್ಕೆ ದಿನದ ಲೆಕ್ಕವನ್ನೂ ಕೊಟ್ಟಿದೆ. ಮಾದಕವಸ್ತು ಪ್ರಕರಣದ ಲಾರಿಯನ್ನೂ, ಮಾಲೀಕನ ಕೈವಾಡ ಕಾಣದಿದ್ದರೆ ಮಧ್ಯಂತರವಾಗಿ ಬಿಡಬಹುದು ಎಂದು 2025ರ ಜನವರಿಯಲ್ಲಿ ಬಿಶ್ವಜಿತ್ ಡೇ ಪ್ರಕರಣದಲ್ಲಿ ತೀರ್ಮಾನವಾಯಿತು.

ದತ್ತಿದಾನಿಗಳ ಲಾರಿ ಸಿಕ್ಕಿಬಿದ್ದದ್ದು 2002ರ ಬೇಸಿಗೆಯಲ್ಲಿ. ಅಡಿಕೆ ಲೋಡಿನ ನಡುವೆ ಯಾರೋ ಸೇರಿಸಿದ್ದ ಎರಡು ಮೂಟೆಯ ತಕರಾರು. ಚಾಲಕನಿಗೆ ಗೊತ್ತಿರಲಿಲ್ಲ, ಇವರಿಗಂತೂ ಗೊತ್ತೇ ಇರಲಿಲ್ಲ. ಆಮೇಲೆ ಕೋರ್ಟೂ ಹಾಗೆಯೇ ಹೇಳಿತು. ಠಾಣೆಯ ಅಂಗಳದಲ್ಲಿ ಲಾರಿ ಹನ್ನೊಂದು ತಿಂಗಳು ನಿಂತಿತು. ದೇಸಾಯಿ ತೀರ್ಪಿನ ಪ್ರತಿ ಹಿಡಿದುಕೊಂಡು ಹೋಗಿ ಬಿಡಿಸಿದೆ. ಆದೇಶ ಕೈಗೆ ಬಂದ ದಿನ ಇಬ್ಬರೂ ಲಾರಿ ತರಲು ಹೋದೆವು. ಬ್ಯಾಟರಿ ಇರಲಿಲ್ಲ. ಹಿಂದಿನ ನಾಲ್ಕು ಟೈರು ಬೇರೆಯವಾಗಿದ್ದವು, ಬೊಕ್ಕ ಟೈರುಗಳು. ಸ್ಟೆಪ್ನಿ, ಜಾಕು, ಟಾರ್ಪಾಲು, ಹಗ್ಗ ಯಾವುದೂ ಇಲ್ಲ. ಬಾನೆಟ್ಟಿನ ಸಂದಿಯಲ್ಲಿ ಒಂದು ಅರಳಿ ಸಸಿ ಎದ್ದಿತ್ತು. ನಾನು ಸಿಟ್ಟಿನಿಂದ ಜಪ್ತಿ ಮಹಜರಿನ ನಕಲು ತೆಗೆದು ಓದಿದೆ. 'ಒಂದು ಆರು ಚಕ್ರದ ಲಾರಿ' ಎಂದಿತ್ತು. ಅಷ್ಟೇ. ಆರು ಚಕ್ರ ಎದುರಿಗೇ ಇದ್ದವು.

'ಇದನ್ನೆಲ್ಲ ಬರೆಸ್ಬೇಕಿತ್ತು ಅಂತ ನಂಗೆ ಯಾರು ಹೇಳಿದ್ರು ವಕೀಲ್ರೇ' ಎಂದರು ಅವರು. ನಾನೂ ಹೇಳಿರಲಿಲ್ಲ.

ಆಮೇಲೆ ಅವರ ಪ್ರತಿ ಲಾರಿಯ ಕ್ಯಾಬಿನ್ನಿನಲ್ಲಿ, ದೇವರ ಪಟದ ಹಿಂದೆ, ಒಂದು ಹಾಳೆ ಇರುತ್ತಿತ್ತು. ಬ್ಯಾಟರಿಯ ನಂಬರು, ಏಳೂ ಟೈರಿನ ನಂಬರು, ಜಾಕು, ಟಾರ್ಪಾಲಿನ ಅಳತೆ, ಹಗ್ಗ ಎಷ್ಟು ಮಾರು, ಟೇಪ್‌ರೆಕಾರ್ಡರಿನ ಕಂಪನಿ, ಎಲ್ಲ ಗುಂಡು ಗುಂಡು ಅಕ್ಷರದಲ್ಲಿ, ಅವರ ಮಗಳು ಬರೆದದ್ದು. ಆ ಮಗಳು ಇವತ್ತು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಗಾಡಿ ಹಿಡಿದರೆ ಚಾಲಕ ಜಗಳವಾಡಬೇಕಿಲ್ಲ, ಆ ಹಾಳೆ ಕೊಟ್ಟು 'ಇದನ್ನೂ ಮಹಜರಿಗೆ ಸೇರಿಸ್ಕೊಳ್ಳಿ ಸಾರ್' ಎಂದರೆ ಸಾಕು ಎಂದು ಅವರ ಅಪ್ಪಣೆ. ಒಂದು ಕಡೆ ಪೇದೆಯೊಬ್ಬ ಹಾಳೆಯನ್ನು ಹರಿದು ಎಸೆದನಂತೆ. ಇನ್ನೊಂದು ಕಡೆ ವಯಸ್ಸಾದ ಎಎಸ್‌ಐ ಒಬ್ಬರು, ಬರೆಯುವ ಕೆಲಸ ಉಳಿಯಿತು ಎಂದು, ಸಾಲು ಬಿಡದೆ ಹಾಗೇ ನಕಲು ಮಾಡಿಕೊಂಡು, ಕೊನೆಯಲ್ಲಿ 'ದೇವರ ಪಟ ಒಂದು' ಎಂದು ತಾವೇ ಸೇರಿಸಿದರಂತೆ.